ನಾಜೂಕು ಕೂಸಿಗೆ ಮನೆಯಲ್ಲಿ ದಾದಿ

ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಹುಟ್ಟಿದಾಗ ತೂಕ ಒಂದೂವರೆ ಕಿಲೋ ಸಹ ಇರಲಿಲ್ಲ. ಏಳೆಂಟು ವಾರ ಆಸ್ಪತ್ರೆಯಲ್ಲಿದ್ದು, ಎರಡು ಕಿಲೋ ದಾಟಿ, ಈಗ ಮನೆಗೆ ಹೊರಟಿದೆ. ಮೂಗಿನ ಬಳಿ ಆಮ್ಲಜನಕದ ಸಣ್ಣ ಕೊಳವೆ. ಮೊಲೆ ಚೀಪುವಷ್ಟು ತ್ರಾಣ ಇನ್ನೂ ಪೂರ್ತಿ ಬಂದಿಲ್ಲವಾಗಿ, ಮೂಗಿನಿಂದ ಹೊಟ್ಟೆಗಿಳಿದ ಇನ್ನೊಂದು ಕೊಳವೆ. ಅಜ್ಜಿ ಆರತಿಯ ತಟ್ಟೆ ಸಿದ್ಧಮಾಡಿದ್ದಾರೆ. ತಂದೆ ಆಮ್ಲಜನಕದ ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡಿದ್ದಾರೆ. ತಾಯಿಗೆ ಮಾತ್ರ ರಾತ್ರಿಯ ದಿಗಿಲು. ‘ಕೆಲವು ದಿನ ಮನೆಯಲ್ಲಿ ಒಬ್ಬ ದಾದಿಯನ್ನು ಇಟ್ಟುಕೊಳ್ಳಿ’ ಎಂದು ಡಾಕ್ಟರು ಹೇಳಿ ಮುಂದಿನ ಹಾಸಿಗೆಗೆ ಹೋಗಿಬಿಟ್ಟರು. ಯಾರನ್ನು ಇಟ್ಟುಕೊಳ್ಳುವುದು? ಬಂದವಳು ಕೆಲಸ ಬಲ್ಲವಳೆಂದು ತಿಳಿಯುವುದು ಹೇಗೆ? ಇಂಥ ಪ್ರಶ್ನೆ ನಿಮ್ಮ ಮನೆಗೆ ಬಾರದಿರಲಿ. ಬಂದ ಮನೆಯವರಿಗೆ ನೆರವಾಗಲೆಂದು ಈ ನಾಲ್ಕು ಮಾತು.

ದಾದಿಯನ್ನು ಹುಡುಕುವುದಕ್ಕೆ ಮೊದಲು ಕೂಸಿನ ಕೆಲಸಗಳ ಪಟ್ಟಿಯೊಂದನ್ನು ಬರೆಯಿರಿ. ಆಸ್ಪತ್ರೆ ಬಿಡುವ ಎರಡು ದಿನ ಮುಂಚೆ ವಾರ್ಡಿನ ಸಿಸ್ಟರ್ ಬಳಿ ಕುಳಿತು ಬರೆದುಕೊಂಡರೆ ಒಳ್ಳೆಯದು. ಎಷ್ಟು ಹೊತ್ತಿಗೊಮ್ಮೆ ಹಾಲು, ಎಷ್ಟು ಮಿಲಿ. ಯಾವ ಔಷಧ, ಎಷ್ಟು ಪ್ರಮಾಣ. ಆಮ್ಲಜನಕ ನಿಮಿಷಕ್ಕೆ ಎಷ್ಟು. ರಕ್ತದ ಆಮ್ಲಜನಕ ತೋರಿಸುವ ಮೀಟರಿನ ಅಂಕಿ ಎಷ್ಟಕ್ಕಿಂತ ಇಳಿಯಬಾರದು. ಪಟ್ಟಿ ಮುಗಿದಮೇಲೆ ನೋಡಿದರೆ ಅದು ತಾನಾಗಿಯೇ ಎರಡು ಭಾಗವಾಗಿರುತ್ತದೆ. ಬಟ್ಟೆ ಬದಲಿಸುವುದು, ಮೈ ಒರೆಸುವುದು, ಎತ್ತಿಕೊಳ್ಳುವುದು, ಪಾತ್ರೆ ಕುದಿಸುವುದು ಇವನ್ನೆಲ್ಲ ಶುಚಿಯಾದ, ಸಮಾಧಾನದ ಯಾವ ಕೈಯಾದರೂ ಮಾಡಬಹುದು. ಕೊಳವೆಯಲ್ಲಿ ಹಾಲು ಬಿಡುವುದು, ಆಮ್ಲಜನಕ, ಔಷಧ, ಗಂಟಲಿನ ಕಫ ತೆಗೆಯುವುದು ಕಲಿತವರ ಕೆಲಸ. ಮೊದಲ ಭಾಗಕ್ಕೆ ದುಬಾರಿ ಸಂಬಳ ಕೊಡಬೇಕಿಲ್ಲ. ಎರಡನೆಯದಕ್ಕೆ ಅಗ್ಗದವರನ್ನು ಹುಡುಕಬಾರದು.

ಪೇಟೆಯಲ್ಲಿ ‘ಹೋಂ ನರ್ಸ್’ ಎಂಬ ಹೆಸರಿನಲ್ಲಿ ಬರುವವರೆಲ್ಲ ದಾದಿಯರಲ್ಲ. ಹಲವರು ಮುದುಕರನ್ನು, ಬಾಣಂತಿಯರನ್ನು ನೋಡಿಕೊಂಡು ಅನುಭವ ಗಳಿಸಿದ ಒಳ್ಳೆಯ ಹೆಂಗಸರು. ಅವರ ಕೆಲಸ ಹಗುರವೆಂದು ನಾನು ಹೇಳುವುದಿಲ್ಲ. ಆದರೆ ಅದು ಬೇರೆ ಕೆಲಸ. ದಾದಿ ಎಂದರೆ ಎ.ಎನ್.ಎಂ., ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ನೋಂದಣಿಯ ಮೂಲಪತ್ರವನ್ನೇ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅಷ್ಟರಿಂದಲೇ ತೃಪ್ತರಾಗಲೂಬೇಡಿ. ದೊಡ್ಡವರ ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವರೂ ಎರಡು ಕಿಲೋ ಕೂಸಿನ ಮುಂದೆ ಹೊಸಬರೇ. ‘ಎಳೆಗೂಸುಗಳ ವಿಭಾಗದಲ್ಲಿ ಎಷ್ಟು ದಿನ ಇದ್ದಿರಿ? ಕೊಳವೆಯ ಕೂಸನ್ನು ಕೊನೆಯ ಬಾರಿ ನೋಡಿಕೊಂಡದ್ದು ಯಾವಾಗ?’ ಎಂದು ಕೇಳಿ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಒಂದು ಮಿಲಿಯ ಸಿರಿಂಜು ಕೊಟ್ಟು, 0.4 ಮಿಲಿ ನೀರು ಎಳೆದು ತೋರಿಸಿ ಎನ್ನಿ. ಇದೇನು ಮಕ್ಕಳಾಟ ಎನ್ನಬೇಡಿ. ದೊಡ್ಡವರ ಔಷಧದಲ್ಲಿ ಒಂದು ಹನಿ ಹೆಚ್ಚಾದರೆ ಯಾರಿಗೂ ತಿಳಿಯದು. ಕೂಸಿನ ಔಷಧದಲ್ಲಿ ದಶಮಾಂಶದ ಚುಕ್ಕೆಯೊಂದು ಕಣ್ಣಿಗೆ ಬೀಳದೆ ಹೋದರೆ ನಾಲ್ಕು ಹತ್ತನೆಯ ಒಂದು ಭಾಗ ಹೋಗಿ ನಾಲ್ಕು ಮಿಲಿಯಾಗುತ್ತದೆ, ಹತ್ತು ಪಟ್ಟು. ಆದ್ದರಿಂದಲೇ ಚುಕ್ಕೆಯ ಹಿಂದೆ ಸೊನ್ನೆಯನ್ನು ಬಿಡದೆ ಬರೆಯಬೇಕು, ಚಮಚದ ಲೆಕ್ಕವನ್ನು ಮನೆಯಿಂದಲೇ ಓಡಿಸಬೇಕು. ಎಳೆದ ಔಷಧವನ್ನು ಕೊಡುವ ಮುನ್ನ ಇನ್ನೊಬ್ಬರಿಗೆ ತೋರಿಸುವ ದಾದಿ ಸಿಕ್ಕರೆ ನಿಮ್ಮ ಅದೃಷ್ಟ.

ಕೊಳವೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಇದು ಹೊಟ್ಟೆಯಲ್ಲೇ ಇದೆಯೆಂದು ಪ್ರತಿ ಸಲ ಹೇಗೆ ತಿಳಿಯುತ್ತೀರಿ?’ ಕೂಸು ಕೆಮ್ಮಿದಾಗ, ಕೈಯಿಂದ ಎಳೆದಾಗ ಕೊಳವೆ ಜಾರುವುದುಂಟು. ಹಾಲು ಶ್ವಾಸಕೋಶಕ್ಕೆ ಹೋದರೆ ಕೂಸಿಗೆ ಪ್ರಾಣಾಪಾಯ. ಬಲ್ಲ ದಾದಿ ಮೊದಲು ಮೂಗಿನ ಬಳಿ ಕೊಳವೆಯ ಮೇಲಿನ ಗುರುತು ಸರಿದಿದೆಯೇ ನೋಡುತ್ತಾರೆ. ಬಳಿಕ ಸ್ವಲ್ಪ ದ್ರವವನ್ನು ಮೇಲಕ್ಕೆಳೆದು, ಹುಳಿಯಂಶ ತೋರಿಸುವ ಕಾಗದಕ್ಕೆ ಮುಟ್ಟಿಸುತ್ತಾರೆ. ಕೊಳವೆಗೆ ಗಾಳಿ ಊದಿ, ಹೊಟ್ಟೆಯ ಮೇಲೆ ಕಿವಿಗೊಳವೆಯಿಟ್ಟು ಸದ್ದು ಕೇಳುವ ಹಳೆಯ ಕ್ರಮವನ್ನು ಈಗ ನೆಚ್ಚುವುದಿಲ್ಲ. ಹಾಲನ್ನು ಸಿರಿಂಜಿನಿಂದ ಒತ್ತಿ ತಳ್ಳುವುದೂ ಸಲ್ಲ. ಸಿರಿಂಜನ್ನು ಎತ್ತಿ ಹಿಡಿದು, ತಾನಾಗಿ ಇಳಿಯಲು ಬಿಡಬೇಕು. ಹದಿನೈದು ಇಪ್ಪತ್ತು ನಿಮಿಷ ಹಿಡಿದರೆ ಹಿಡಿಯಲಿ. ಆತುರದ ಕೈಯವರು ಇಲ್ಲೇ ಗೊತ್ತಾಗಿಬಿಡುತ್ತಾರೆ.

ಎಲ್ಲ ಪ್ರಶ್ನೆಗೂ ಥಟ್ಟನೆ ಉತ್ತರ ಕೊಡುವವರಿಗಿಂತ, ‘ಇದು ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಹೇಳುತ್ತೇನೆ’ ಎನ್ನುವವರನ್ನು ಹೆಚ್ಚು ನಂಬಿ. ನನ್ನ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ.

ಇನ್ನು ವೇಳೆಯ ಮಾತು. ‘ಇಪ್ಪತ್ತನಾಲ್ಕು ಗಂಟೆಯೂ ಒಬ್ಬರೇ ಇರುತ್ತಾರೆ’ ಎಂದು ಕೆಲವು ಏಜೆನ್ಸಿಗಳು ಹೇಳುತ್ತವೆ. ಮನೆಯವರಿಗೂ ಅದೇ ಅನುಕೂಲವೆಂದು ತೋರುತ್ತದೆ, ಖರ್ಚೂ ಕಡಿಮೆ. ಆದರೆ ಇಪ್ಪತ್ತನಾಲ್ಕು ಗಂಟೆ ಎಚ್ಚರವಿರುವ ಮನುಷ್ಯರು ಎಲ್ಲಿದ್ದಾರೆ? ಹಗಲೆಲ್ಲ ಬಟ್ಟೆ ಒಗೆಸಿಕೊಂಡು, ರಾತ್ರಿ ಮೂರಕ್ಕೆ ಆಕೆ ತೂಕಡಿಸಿದರೆ ತಪ್ಪು ಆಕೆಯದಲ್ಲ. ಒಬ್ಬರನ್ನೇ ಇಡುವ ಶಕ್ತಿಯಿದ್ದರೆ ರಾತ್ರಿಗೆ ಇಟ್ಟುಕೊಳ್ಳಿ. ಹಗಲು ಮಲಗಲು ಬಿಡಿ, ಮನೆಗೆಲಸ ಹೇಳಬೇಡಿ.

ನೆಗಡಿಯ ಬಗ್ಗೆ ಮೊದಲ ದಿನವೇ ಕರಾರು ಮಾಡಿಕೊಳ್ಳಿ. ದೊಡ್ಡವರ ಸಾಮಾನ್ಯ ನೆಗಡಿ ಇಂಥ ಕೂಸನ್ನು ಮತ್ತೆ ಆಸ್ಪತ್ರೆಗೆ ಅಟ್ಟಬಲ್ಲದು. ಗಂಟಲು ಕೆರೆದ ದಿನ ಬರಬೇಡಿ ಎಂದು ಹೇಳುತ್ತೀರಿ, ಸರಿ. ಆದರೆ ಬಾರದ ದಿನದ ಸಂಬಳ ಹಿಡಿದರೆ ಆಕೆ ನೆಗಡಿಯನ್ನು ಮುಚ್ಚಿಟ್ಟುಕೊಂಡೇ ಬಂದಾರು. ಆ ಎರಡು ದಿನದ ಹಣವನ್ನು ಕೂಸಿನ ಔಷಧದ ಲೆಕ್ಕಕ್ಕೆ ಬರೆದುಕೊಳ್ಳಿ. ಬಂದೊಡನೆ ಬಳೆ, ಉಂಗುರ, ಗಡಿಯಾರ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವುದು ದಾದಿಗೂ, ನೋಡಲು ಬರುವ ನಂಟರಿಗೂ ಒಂದೇ ನಿಯಮ.

ಆಮ್ಲಜನಕವಿರುವ ಮನೆ ತನ್ನ ಕೆಲವು ಪದ್ಧತಿಗಳನ್ನು ಸ್ವಲ್ಪ ಕಾಲ ಬದಿಗಿಡಬೇಕಾಗುತ್ತದೆ. ಆಮ್ಲಜನಕ ತಾನು ಉರಿಯದಿದ್ದರೂ ಉರಿಯುವ ವಸ್ತುವನ್ನು ಭಗ್ಗನೆ ಉರಿಸುತ್ತದೆ. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಸಾಂಬ್ರಾಣಿಯ ಕೆಂಡ, ಸೊಳ್ಳೆಬತ್ತಿ, ಬೀಡಿ ಸಿಗರೇಟು ಯಾವುದೂ ಕೂಡದು. ಕೊಳವೆಯೊಡನೆ ಬರುವ ಕೂಸಿಗೆ ಆರತಿಯನ್ನೂ ಬತ್ತಿ ಹಚ್ಚದೆ ಎತ್ತಬಹುದು; ಕುಂಕುಮದ ನೀರಿಗೆ ದೃಷ್ಟಿ ತೆಗೆಯಲು ಉರಿ ಬೇಕೇ ಬೇಕೆಂದಿಲ್ಲ. ಹೊಗೆಯಂತೂ ಬೆಂಕಿಯ ಮಾತು ಬಿಟ್ಟರೂ ಎಳೆಯ ಶ್ವಾಸಕೋಶಕ್ಕೆ ಕೆಡುಕೇ. ಎಣ್ಣೆನೀರಿನ ದಿನ ಮೂಗಿಗೆ, ಬಾಯಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಬೇಕು. ಶ್ವಾಸಕೋಶಕ್ಕಿಳಿದ ಎಣ್ಣೆಯಿಂದ ನ್ಯುಮೋನಿಯಾ ಬರುತ್ತದೆ. ಸೀರೆಯ ಜೋಲಿಯಲ್ಲಿ ಕೂಸಿನ ಗದ್ದ ಎದೆಗೆ ಬಗ್ಗಿ ಉಸಿರು ಕಟ್ಟಬಹುದು. ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ, ಅಂಗಾತ ಮಲಗಿಸಬೇಕು. ವಿದ್ಯುತ್ತು ಹೋದಾಗ ಯಂತ್ರ ನಿಲ್ಲುತ್ತದೆಯಾದ್ದರಿಂದ ತುಂಬಿದ ಸಿಲಿಂಡರೊಂದು ಪಕ್ಕದಲ್ಲಿರಲಿ. ಅದನ್ನು ಕತ್ತಲಲ್ಲಿ ತಿರುಗಿಸಿ ಜೋಡಿಸುವುದನ್ನು ಮನೆಯ ಇಬ್ಬರಾದರೂ ಹಗಲಿನಲ್ಲೇ ಕಲಿತಿರಬೇಕು.

ಇವನ್ನೆಲ್ಲ ಅಜ್ಜಿಗೆ ಹೇಳುವವರು ಯಾರು? ಬೇರೆ ಮನೆಯಿಂದ ಬಂದ ಚಿಕ್ಕ ವಯಸ್ಸಿನ ದಾದಿ ಹೇಳಿದರೆ ಮನಸ್ತಾಪ. ಸೊಸೆ ಹೇಳಿದರೆ ಇನ್ನೂ ಹೆಚ್ಚು. ಆಸ್ಪತ್ರೆ ಬಿಡುವ ದಿನ ಅಜ್ಜಿಯನ್ನೂ ಕರೆದೊಯ್ದು ಡಾಕ್ಟರ ಬಾಯಲ್ಲೇ ಹೇಳಿಸಿ. ಜತೆಗೆ ಅವರಿಗೊಂದು ನಿಜವಾದ ಕೆಲಸವನ್ನೂ ಕೊಡಿ. ಕೂಸಿನ ಬರಿಮೈಯನ್ನು ಎದೆಗೊತ್ತಿಕೊಂಡು, ಮೇಲೆ ಬಟ್ಟೆ ಕಟ್ಟಿ, ಮೈಯ ಶಾಖದಲ್ಲೇ ಕಾಪಾಡುವ ಕಾಂಗರೂ ಆರೈಕೆಯ ಹೆಸರನ್ನು ನೀವು ಕೇಳಿರಬಹುದು. ಗಾಜಿನ ಪೆಟ್ಟಿಗೆಗಳು ಸಾಲದೆ ಹೋದಾಗ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ 1978ರಲ್ಲಿ ಇದನ್ನು ಆರಂಭಿಸಿದರು. ನಮ್ಮ ದೇಶದ ಹರಿಯಾಣದಲ್ಲಿ ತೂಕ ಕಡಿಮೆಯಿದ್ದ ಎಂಟು ಸಾವಿರಕ್ಕೂ ಹೆಚ್ಚು ಕೂಸುಗಳನ್ನು ಕುರಿತು ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯಲ್ಲೇ ಇದನ್ನು ಮಾಡಲು ಕಲಿಸಿದ ಕಡೆ ಮೊದಲ 28 ದಿನಗಳೊಳಗಿನ ಸಾವು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಯಿತು. ಡಾಕ್ಟರು ಒಪ್ಪಿದರೆ ಕೊಳವೆಯಿರುವ ಕೂಸಿಗೂ ಇದು ಸಲ್ಲುತ್ತದೆ. ತಾಯಿ ಸ್ನಾನಕ್ಕೋ ಊಟಕ್ಕೋ ಎದ್ದಾಗ ತಂದೆ ಮಾಡಬಹುದು, ಅಜ್ಜಿಯೂ ಮಾಡಬಹುದು. ‘ನೀವು ಮಲಗಿ ಅಮ್ಮಾ, ನಾನು ನೋಡಿಕೊಳ್ಳುತ್ತೇನೆ’ ಎಂದು ಇಡೀ ದಿನ ತಾಯಿಯ ಕೈಯಿಂದ ಕೂಸನ್ನು ಕಸಿದಿಡುವ ದಾದಿ ಎಷ್ಟು ಚತುರೆಯಾದರೂ ನಿಮಗೆ ತಕ್ಕವಳಲ್ಲ.

ಒಂದು ನೋಟುಪುಸ್ತಕವಿರಲಿ. ಹಾಲು, ಔಷಧ, ಮೂತ್ರ, ಮಲ, ಮೀಟರಿನ ಅಂಕಿ, ಜ್ವರಮಾಪಕದ ಅಂಕಿ, ಎಲ್ಲವನ್ನೂ ಆಯಾ ಹೊತ್ತಿಗೇ ಬರೆಯಬೇಕು. ಬೆಳಿಗ್ಗೆ ಪುಸ್ತಕ ತೆರೆದಾಗ ರಾತ್ರಿಯ ಸಾಲುಗಳೆಲ್ಲ ಒಂದೇ ಬೀಸಿನಲ್ಲಿ ಬರೆದಂತೆ ಮುದ್ದಾಗಿದ್ದರೆ ಸಂಶಯಪಡಿ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಬರೆದ ಅಕ್ಷರ ಅಷ್ಟು ಅಂದವಾಗಿರುವುದಿಲ್ಲ.

ಅದೇ ಪುಸ್ತಕದ ರಟ್ಟಿನ ಒಳಗೆ ಅಪಾಯದ ಗುರುತುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: ಸುಮ್ಮನಿರುವಾಗಲೂ ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕೆ ಮೇಲ್ಪಟ್ಟು, ಉಸಿರೆಳೆದಾಗ ಪಕ್ಕೆ ಒಳಸೆಳೆಯುವುದು, ಉಸಿರು ನಿಂತು ನಿಂತು ಬರುವುದು, ತುಟಿ ನೀಲಿಗಟ್ಟುವುದು, ಮೈಶಾಖ 97.7 ಡಿಗ್ರಿಗಿಂತ ಕೆಳಗೆ ಅಥವಾ 99.5ಕ್ಕಿಂತ ಮೇಲೆ, ಹಾಲು ಒಲ್ಲದೆ ಮಂಕಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆಮಾಡುವುದಕ್ಕೆ ದಾದಿ ಯಾರ ಅಪ್ಪಣೆಗೂ ಕಾಯಬೇಕಿಲ್ಲವೆಂದು ಮೊದಲೇ ಹೇಳಿಬಿಡಿ. ಮಾವನವರನ್ನು ಎಬ್ಬಿಸಿ ಕೇಳೋಣ ಎಂದು ಹತ್ತು ನಿಮಿಷ ಕಳೆದ ಮನೆಯನ್ನು ನಾನು ಬಲ್ಲೆ. ಆ ಕೂಸು ಉಳಿಯಿತು. ಆದರೆ ಆ ಹತ್ತು ನಿಮಿಷವನ್ನು ಆ ತಾಯಿ ಇಂದಿಗೂ ಮರೆತಿಲ್ಲ.

ಕೂಸು ತಾನೇ ಹಾಲು ಕುಡಿಯತೊಡಗಿ, ಡಾಕ್ಟರು ಆಮ್ಲಜನಕವನ್ನು ಮೆಲ್ಲಗೆ ಇಳಿಸಿದ ಮೇಲೆ ದಾದಿಯನ್ನು ಕಳುಹಿಸುವ ದಿನ ಬರುತ್ತದೆ. ಒಂದೇ ಸಲ ನಿಲ್ಲಿಸಬೇಡಿ. ಕೊನೆಯ ವಾರ ಎಲ್ಲವನ್ನೂ ಮನೆಯವರೇ ಮಾಡಲಿ. ದಾದಿ ಕುರ್ಚಿಯಲ್ಲಿ ಕುಳಿತು ನೋಡಲಿ, ತಪ್ಪಿದರೆ ಹೇಳಲಿ. ಆ ವಾರದ ಸಂಬಳ ದಂಡವೆಂದು ಯಜಮಾನರಿಗೆ ತೋರಬಹುದು, ತೋರಲಿ, ಕೊಟ್ಟುಬಿಡಿ. ಲಸಿಕೆಯ ದಿನಗಳನ್ನು, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ತಪ್ಪದೆ ಆಗಬೇಕಾದ ಕಣ್ಣಿನ ಪರದೆಯ ಮರುಪರೀಕ್ಷೆಯ ದಿನವನ್ನು, ಕಿವಿಯ ಪರೀಕ್ಷೆಯನ್ನು ಪುಸ್ತಕದಲ್ಲಿ ಆಕೆಯ ಕೈಯಲ್ಲೇ ಬರೆಸಿಕೊಳ್ಳಿ. ಹೊರಡುವ ಮುನ್ನ ಸಿರಿಂಜು, ಕೊಳವೆ, ಕಾಗದದ ಪಟ್ಟಿಗಳಲ್ಲಿ ಉಳಿದವನ್ನು ಎಣಿಸಿ ಒಂದು ಡಬ್ಬಿಯಲ್ಲಿ ಹಾಕಿಸಿಡಿ. ಅಡಿಗೆಮನೆಯ ಕಪಾಟಿನಲ್ಲಿ ಬೇಡ, ಕೂಸಿನ ಕೋಣೆಯಲ್ಲೇ ಇರಲಿ.