ಹುಣಸೆಹಣ್ಣು ತಾಗಬಾರದ ಹಿತ್ತಾಳೆ

ಹಬ್ಬ ಬಂತೆಂದರೆ ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹಣ್ಣು ತಿಕ್ಕಿ ಫಳಫಳ ಹೊಳೆಸುವುದು ನಮ್ಮ ಮನೆಗಳ ರೂಢಿ. ಆದರೆ ಇಂಗ್ಲೆಂಡಿನ ಹಾರ್ಡಿ ಕಂಪನಿಯ ಹಳೆಯ ಹಿತ್ತಾಳೆ ಫ್ಲೈ ಫಿಶಿಂಗ್ ರೀಲೊಂದು ಕೈಗೆ ಬಂದರೆ ಹುಣಸೆಹಣ್ಣನ್ನು ದೂರವಿಡಿ. ನದಿಯ ನೀರು, ಅಂಗೈ ಬೆವರು, ಎಣ್ಣೆ ಎಲ್ಲ ಸೇರಿ ನೂರು ವರ್ಷದಲ್ಲಿ ತಂದ ಆ ಕಂದು ಬಣ್ಣ ಒಮ್ಮೆ ಹೋದರೆ ಹೋಯಿತು. ಸಂಗ್ರಾಹಕರ ಕಣ್ಣಲ್ಲಿ ರೀಲಿನ ಬೆಲೆಯೂ ಅದರೊಂದಿಗೇ ಇಳಿಯುತ್ತದೆ.

ಫ್ಲೈ ಫಿಶಿಂಗ್ ಎರೆಹುಳು ಚುಚ್ಚಿ ಕಾಯುವ ಗಾಳವಲ್ಲ. ಗರಿ, ನೂಲು, ತುಪ್ಪಳಗಳನ್ನು ಕೊಕ್ಕೆಗೆ ಕಟ್ಟಿ ಮಾಡಿದ ಹುಸಿ ಹುಳುವನ್ನು ತೋರಿಸಿ ಟ್ರೌಟ್, ಸಾಲ್ಮನ್ ಮೀನುಗಳನ್ನು ಮರುಳು ಮಾಡುವ ಕಲೆ. ಹುಳುವಿಗೆ ತೂಕವೇ ಇಲ್ಲ. ದಾರದ ತೂಕ ಅದನ್ನು ಹೊತ್ತೊಯ್ಯುತ್ತದೆ. ರೀಲ್ ಆ ದಾರ ಸುತ್ತಿಡುವ ರಾಟೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆಯೂ ಒಂದೇ ಸುತ್ತು. ಒಳಗೊಂದು ಹಲ್ಲುಚಕ್ರ, ಅದಕ್ಕೆ ತಾಗುವ ಸಣ್ಣ ಲೋಹದ ನಾಲಗೆ. ಮೀನು ಓಡುವಾಗ ದಾರ ಸಡಿಲಾಗಿ ಗೋಜಲಾಗದಂತೆ ತಡೆಯುವುದೂ, ಕೇಳಿದವರು ಮರೆಯದ ಆ ‘ಕಿರ್ರ್’ ಸದ್ದು ಹೊರಡಿಸುವುದೂ ಈ ಜೋಡಿಯೇ. ಇಷ್ಟು ಸರಳ ಯಂತ್ರದಲ್ಲಿ ಒರಟು ಕೆಲಸವನ್ನು ಮುಚ್ಚಿಡಲು ಜಾಗವಿಲ್ಲ.

ಇಂಗ್ಲೆಂಡಿನ ಉತ್ತರದ ಆನಿಕ್ ಪಟ್ಟಣದಲ್ಲಿ 1872ರಲ್ಲಿ ವಿಲಿಯಂ ಹಾರ್ಡಿ ಬಂದೂಕಿನ ಕಸುಬು ಆರಂಭಿಸಿದರು. ತಮ್ಮ ಜಾನ್ ಜೇಮ್ಸ್ ಜೊತೆಗೂಡಿದ ಮೇಲೆ ಗಾಳದ ಸಾಮಾನುಗಳೇ ಅವರ ಹೆಸರಾದವು. 1888ರಲ್ಲಿ ಪೇಟೆಂಟ್ ಪಡೆದು, 1891ರಿಂದ ಮಾರಾಟಕ್ಕೆ ತಂದ ‘ಪರ್ಫೆಕ್ಟ್’ ರೀಲಿನ ಉರುಳೆ ಬಾಲ್ ಬೇರಿಂಗುಗಳ ಮೇಲೆ ತಿರುಗುತ್ತದೆ. ಆ ಕಾಲದ ಗಾಳದ ರೀಲಿಗೆ ಇದು ದೊಡ್ಡ ಮಾತು. ಮೊದಮೊದಲ ಪರ್ಫೆಕ್ಟ್‌ಗಳು ಪೂರಾ ಹಿತ್ತಾಳೆಯವು, ಹಿಡಿ ದಂತದ್ದು. ಸಂಗ್ರಾಹಕರು ಹಂಬಲಿಸುವುದು ಇವಕ್ಕೇ.

  

ಅಟ್ಲಾಂಟಿಕ್‌ನ ಆಚೆ ದಡದ ದಾರಿ ಬೇರೆ. ಅಮೆರಿಕದ ವರ್ಮಾಂಟ್ ರಾಜ್ಯದ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ಪಡೆದ ರೀಲಿನ ಪಕ್ಕದ ಫಲಕಗಳ ತುಂಬ ತೂತುಗಳು. ತೂಕ ತಗ್ಗುತ್ತದೆ, ಒದ್ದೆ ರೇಷ್ಮೆ ದಾರ ಗಾಳಿಗೆ ಬೇಗ ಒಣಗುತ್ತದೆ. ಅದು ವಾಲ್ನಟ್ ಮರದ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಪೆಟ್ಟಿಗೆ ಸಮೇತ ಉಳಿದಿದ್ದರೆ ಬೆಲೆಯೇ ಬೇರೆ. ನ್ಯೂಯಾರ್ಕಿನ ಎಡ್ವರ್ಡ್ ವಾಮ್ ಹೋಫ ಎಬೊನೈಟ್ ಎಂಬ ಗಟ್ಟಿ ಕಪ್ಪು ರಬ್ಬರಿಗೆ ಜರ್ಮನ್ ಸಿಲ್ವರ್ ಎಂಬ ಮಿಶ್ರಲೋಹದ ಅಂಚು ಕಟ್ಟಿ ಮಾಡಿದ ಸಾಲ್ಮನ್ ರೀಲುಗಳನ್ನು ನಾನು ಆಭರಣಗಳ ಸಾಲಿಗೇ ಸೇರಿಸುತ್ತೇನೆ.

ಕೊಳ್ಳುವವರು ಮೊದಲು ತಿರುಗಿಸಿ ನೋಡುವುದು ರೀಲಿನ ಬುಡವನ್ನು. ಹಳೆಯ ಮಾಲೀಕರು ಕೆಲವೊಮ್ಮೆ ತಮ್ಮ ಗಾಳದ ಕೋಲಿಗೆ ಕೂರಲೆಂದು ಅದರ ಪಾದವನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿರುತ್ತಾರೆ. ಹಾಗಾದರೆ ಬೆಲೆ ಕುಸಿಯಿತು. ಆಮೇಲೆ ಸ್ಕ್ರೂಗಳ ಗೀರು. ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿ ತಲೆ ಕಿತ್ತಿದ್ದರೆ, ಒಳಗೂ ಯಾರೋ ಕೈಯಾಡಿಸಿದ್ದಾರೆಂದೇ ಲೆಕ್ಕ. ಎಬೊನೈಟ್ ಬಿಸಿಲು ಕಂಡಿದ್ದರೆ ಹಸಿರುಗಂದಾಗಿರುತ್ತದೆ. ಬಳಸಿ ಬಳಸಿ ಅಂಚು ಸವೆದಿದ್ದರೆ ಅದು ಅಷ್ಟು ದೊಡ್ಡ ದೋಷವಲ್ಲ. ನನಗಂತೂ ಅಂಥದ್ದೇ ಇಷ್ಟ.

ಕೊನೆಗೆ ಉರುಳೆಯನ್ನು ಹೊರಗೆ ತೆಗೆಯುತ್ತಾರೆ. ಎರಡು ಮಹಾಯುದ್ಧಗಳ ನಡುವಿನ ಹಾರ್ಡಿ ರೀಲುಗಳ ಒಳಗೋಡೆಯಲ್ಲಿ ಪುಟ್ಟ ಅಕ್ಷರಗಳ ಅಚ್ಚು ಕಾಣುತ್ತದೆ. ಅವು ಆ ರೀಲನ್ನು ಕಟ್ಟಿದ ಕುಶಲಕರ್ಮಿಯ ಹೆಸರಿನ ಮೊದಲಕ್ಷರಗಳು.