ನಿಮಗಿದು ಗೊತ್ತೇ? ಬೆಂಗಳೂರಿನ ಎರಡು ಫೈಬರ್ ಕಾರು

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆಯೇ, 1982ರಲ್ಲಿ, ಬೆಂಗಳೂರಿನ ಸಿಪಾನಿ ಕಂಪನಿಯ ಪುಟ್ಟ ಕಾರು ಡಾಲ್ಫಿನ್ ಬಂದಿತ್ತು!

ಇದರ ಮೂಲ ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್. ಮಿಸ್ಟರ್ ಬೀನ್ ಮತ್ತೆ ಮತ್ತೆ ಉರುಳಿಸುವ ಆ ನೀಲಿ ಮೂರು ಚಕ್ರದ ಗಾಡಿಯೂ ಇದೇ ಕಂಪನಿಯದು.

ಬೆಂಗಳೂರಿನದೇ ಇನ್ನೊಂದು ಕಂಪನಿ, ಸ್ಯಾನ್ ಮೋಟಾರ್ಸ್. 1990ರ ದಶಕದ ಕೊನೆಗೆ ಅದು ಸ್ಟಾರ್ಮ್ ಎಂಬ ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಕಾರು ತಂದಿತು. ವಿನ್ಯಾಸ ಫ್ರಾನ್ಸಿನದು, ಎಂಜಿನ್ ರೆನೋದ್ದು, ತಯಾರಾದದ್ದು ಗೋವಾದಲ್ಲಿ. 

ಎರಡಕ್ಕೂ ತಗಡಿನ ಮೈಯಿಲ್ಲ, ಫೈಬರ್ ಗ್ಲಾಸ್. ಮೈಗೆ ತುಕ್ಕಿನ ಮಾತೇ ಇಲ್ಲ. ಆದರೆ ಗುದ್ದಿದರೆ ನೆಗ್ಗುವುದಿಲ್ಲ, ಸೀಳುತ್ತದೆ. ಟಿಂಕರಿಂಗ್ ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ. ಸೀಳಿದ ಅಂಚನ್ನು ಉಜ್ಜಿ, ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್‌ಗೆ ಹಾರ್ಡನರ್ ಬೆರೆಸಿ ಬಳಿದು, ಗಟ್ಟಿಯಾದ ಮೇಲೆ ಮತ್ತೆ ಉಜ್ಜಬೇಕು.

ಬಲಾಬಲ? ಡಾಲ್ಫಿನ್ 848 ಸಿಸಿ, ಸ್ಟಾರ್ಮ್ 1149 ಸಿಸಿ, ಸುಮಾರು 60 ಅಶ್ವಶಕ್ತಿ. ಕಾಗದದ ಮೇಲೆ ಸ್ಟಾರ್ಮೇ ಮುಂದು. ಮೈದಾನದಲ್ಲಿ ಹೆಸರು ಮಾಡಿದ್ದು ಮಾತ್ರ ಡಾಲ್ಫಿನ್! 80ರ ದಶಕದಲ್ಲಿ ಮದ್ರಾಸಿನ ಶೋಲಾವರಂ ರೇಸುಗಳಲ್ಲೂ ರ‍್ಯಾಲಿಗಳಲ್ಲೂ ಅದಕ್ಕೆ ಬಲು ಬೇಡಿಕೆ. ಕಾರಣ ಮೂರು: ಮೈ ಹಗುರ, ಎಂಜಿನ್ ಅಲ್ಯೂಮಿನಿಯಂನದು, ಜೊತೆಗೆ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಗರಸು ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂಬದಿ ಜಾರಿ, ಮೂತಿ ತಾನಾಗಿ ತಿರುಗುತ್ತದೆ. ಸ್ಟಾರ್ಮ್‌ನಲ್ಲಿ ಎಳೆಯುವುದು ಮುಂದಿನ ಚಕ್ರ. ಆ ಆಟ ಅದಕ್ಕೆ ಒಗ್ಗದು. ನೋಟಕ್ಕೆ ಸ್ಟಾರ್ಮ್, ಓಟಕ್ಕೆ ಡಾಲ್ಫಿನ್ ಎಂಬುದೇ ನನ್ನ ತೀರ್ಪು.

ಹಾಗಿದ್ದೂ ಡಾಲ್ಫಿನ್ ಸೋತಿತೇಕೆ? ಬಾಗಿಲು ಎರಡೇ. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಬಗ್ಗಿಸಿ ನುಸುಳಬೇಕು. ಸೀರೆಯುಟ್ಟ ಅಜ್ಜಿ ಹತ್ತುವುದು ಹೇಗೆ? ಮಾರುತಿಗೆ ನಾಲ್ಕು ಬಾಗಿಲಿತ್ತು. ಸಿಪಾನಿಯವರೂ ಆಮೇಲೆ ಬಾಗಿಲು ಹೆಚ್ಚಿಸಿ ಮೊಂಟಾನಾ ತಂದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ರೂಪ ಕೆಡದ ವಾಹನಕ್ಕೆ ‘ವಿಂಟೇಜ್’ ಮಾನ್ಯತೆ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳೂ ಬರುತ್ತವೆ. ಮೊದಲ ಡಾಲ್ಫಿನ್‌ಗಳಿಗೆ ಆ ಯೋಗ 2032ಕ್ಕೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಯಲ್ಲದಕೆರೆ, ಹೊಸದುರ್ಗ, ಹೊಳಲ್ಕೆರೆ ಕಡೆಯ ಯಾರದಾದರೂ ಕೊಟ್ಟಿಗೆಯಲ್ಲೋ ಗ್ಯಾರೇಜಿನ ಹಿತ್ತಲಲ್ಲೋ ಒಂದು ಡಾಲ್ಫಿನ್ ನಿಂತಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಆರ್‌ಸಿ ಪುಸ್ತಕವನ್ನೂ ಜೋಪಾನ ಮಾಡಿ.