ಹಸುಗೂಸಿನ ಜೊಲ್ಲಿಗೆ ಗರ್ಭದಲ್ಲೇ ತಯಾರಿ
*ಆರು ತಿಂಗಳಿಗೆ ಮೊದಲು ಮಣ್ಣಿ, ಸರಿ ಬೇಡ ಎನ್ನಲು ಇದೂ ಒಂದು ಕಾರಣ*

ಕಾಸರಗೋಡು: ನಾಲ್ಕೈದು ತಿಂಗಳ ಮಗು ಅಂಗಿ ಒದ್ದೆಯಾಗುವಷ್ಟು ಜೊಲ್ಲು ಸುರಿಸಿದರೆ ‘ಇನ್ನು ಹಲ್ಲು ಬರ್ಲಿಕ್ಕಾಯ್ತು’ ಎನ್ನುವುದು ಗಡಿನಾಡಿನ ಅಜ್ಜಿಯಂದಿರ ವಾಡಿಕೆಯ ಮಾತು. ಆದರೆ ಈ ಜೊಲ್ಲಿನ ಕತೆ ಶುರುವಾಗುವುದು ಹಲ್ಲಿನಿಂದಲ್ಲ. ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದಕ್ಕೆ ತಯಾರಿ ನಡೆದಿರುತ್ತದೆ.

ಬಾಯಿಗೆ ಲಾಲಾರಸ ಒದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಬುಡದ್ದು, ಅಂದರೆ ಮಂಗನಬಾವಿನಲ್ಲಿ ಊದಿಕೊಳ್ಳುವ ಗ್ರಂಥಿ, ಭ್ರೂಣದ 6ನೇ ವಾರದ ಸುಮಾರಿಗೆ ಮೊದಲು ಮೊಳೆಯುತ್ತದೆ. ಅದರ ಬೆನ್ನಿಗೇ ದವಡೆಯ ಕೆಳಗಿನದ್ದು, 8ನೇ ವಾರದ ಹೊತ್ತಿಗೆ ನಾಲಿಗೆಯ ಅಡಿಯದ್ದು. ತುಟಿ, ಕೆನ್ನೆ, ಅಂಗುಳಿನ ನೂರಾರು ಪುಟ್ಟ ಗ್ರಂಥಿಗಳದ್ದು ಕೊನೆಯ ಸರದಿ. ಡಾಕ್ಟರು ಮುಟ್ಟಿನ ದಿನದಿಂದ ಲೆಕ್ಕ ಹಾಕುವುದರಿಂದ ಇದಕ್ಕೆ ಎರಡು ವಾರ ಸೇರಿಸಿಕೊಳ್ಳಬೇಕು.

ಕವಲೊಡೆಯುವ ಮೊಗ್ಗು

ಬಾಯಿಯ ಒಳಪದರದಲ್ಲಿ ಮೊದಲು ಒಂದು ಗಟ್ಟಿ ಮೊಗ್ಗು ಕಾಣಿಸುತ್ತದೆ. ಅದು ಒಳಕ್ಕೆ ಇಳಿದು, ಗಿಡದ ಗೆಲ್ಲುಗಳಂತೆ ಮತ್ತೆ ಮತ್ತೆ ಕವಲೊಡೆಯುತ್ತದೆ. ಆಮೇಲೆ ನಡುವೆ ಟೊಳ್ಳಾಗಿ ನಾಳವಾಗುತ್ತದೆ. ಕವಲುಗಳ ತುದಿಯಲ್ಲಿ ರಸ ಸ್ರವಿಸುವ ಜೀವಕೋಶಗಳ ಗೊಂಚಲು ಮೂಡುತ್ತದೆ. ಸುತ್ತಲಿನ ಅಂಗಾಂಶ ಮತ್ತು ನರಗಳ ಸೂಚನೆ ಸಿಕ್ಕದಿದ್ದರೆ ಈ ಕವಲು ಸರಿಯಾಗಿ ಬೆಳೆಯುವುದಿಲ್ಲ.

ಎಫ್‌ಜಿಎಫ್‌10 ಎಂಬ ಜೀನ್‌ನಲ್ಲಿ ದೋಷವಿದ್ದರೆ ಕೆಲವು ಗ್ರಂಥಿಗಳು ಹುಟ್ಟದೇ ಇರಬಹುದು. ಇದು ತೀರಾ ಅಪರೂಪ. ಅಂಥ ಮಕ್ಕಳಿಗೆ ಬಾಯಿ ಸದಾ ಒಣಗಿ, ಬಂದ ಹಲ್ಲು ಬೇಗನೆ ಹುಳುಕಾಗುತ್ತದೆ. ಹಲ್ಲನ್ನು ತೊಳೆದು ಕಾಪಾಡುವುದು ಲಾಲಾರಸವೇ.

ಹುಟ್ಟಿದ ಮೇಲೂ ಬೆಳವಣಿಗೆ

ಹುಟ್ಟುವಾಗ ಗ್ರಂಥಿಯ ರಚನೆ ಸಿದ್ಧವಿದ್ದರೂ ಅದು ಪೂರ್ತಿ ಪಕ್ವವಾಗಿರುವುದಿಲ್ಲ. ಹಸುಗೂಸಿನ ಜೊಲ್ಲಿನಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಕಿಣ್ವ ಬಹಳ ಕಡಿಮೆ. ಮೇದೋಜೀರಕ ಗ್ರಂಥಿಯಿಂದಲೂ ಆಗ ಅದು ಹೆಚ್ಚು ಸಿಗುವುದಿಲ್ಲ.

ತಾಳವಾಡಿ, ಹೊಸೂರು ಕಡೆಯ ರಾಗಿ ಸರಿ, ಕಾಸರಗೋಡಿನ ರಾಗಿ ಮಣ್ಣಿ ಎರಡೂ ಒಳ್ಳೆಯ ಆಹಾರವೇ. ಆದರೆ ಅದಕ್ಕೂ ಕಾಲ ಬರಬೇಕು. ಮೊದಲ 6 ತಿಂಗಳು ತಾಯಿ ಹಾಲು ಮಾತ್ರ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋಂಕಿನಿಂದ ರಕ್ಷಣೆ ಅದರ ಮುಖ್ಯ ಕಾರಣ. ಕರುಳು ಇನ್ನೂ ಎಳೆಯದು ಎನ್ನುವುದೂ ಗಮನಿಸಬೇಕಾದ ಮಾತು. ತಾಯಿ ಹಾಲಿನಲ್ಲಿ ಅಮೈಲೇಸ್ ಕೂಡ ಇರುತ್ತದೆ.

ಇನ್ನು ಜೊಲ್ಲಿನ ಮಾತು. ಮೂರು ತಿಂಗಳ ನಂತರ ಲಾಲಾರಸ ಹೆಚ್ಚುತ್ತದೆ. ಅದನ್ನು ಸರಿಯಾಗಿ ನುಂಗುವ ಅಭ್ಯಾಸ ಮಗುವಿಗೆ ಇನ್ನೂ ಆಗಿರುವುದಿಲ್ಲ. ಹಾಗಾಗಿ ಹೊರಗೆ ಸುರಿಯುತ್ತದೆ. ಮಗು ಹಾಲು ಕುಡಿದು ಆಡಿಕೊಂಡಿದ್ದರೆ ಹೆದರಬೇಕಾಗಿಲ್ಲ, ಗಲ್ಲ ಒರೆಸಿ ಒಣಗಿಸಿದರೆ ಸಾಕು. ಹಠಾತ್ತನೆ ಜೊಲ್ಲು ಹೆಚ್ಚಾಗಿ ಹಾಲು ನುಂಗಲಾಗದಿದ್ದರೆ, ಉಸಿರಾಟ ಕಷ್ಟವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.